ಚಿಪ್ಪು ತೊರೆದು ಆಳಕ್ಕಿಳಿದವು

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿರುವ ಖಜೂರಿಯ ಎರೆ ಹೊಲಗಳ ಅಡಿಯ ಕಪ್ಪು ಬಂಡೆಗೂ ಲಕ್ಷದ್ವೀಪದ ಹವಳ ದ್ವೀಪಗಳು ನಿಂತಿರುವ ಸಮುದ್ರದಡಿಯ ಪರ್ವತಶ್ರೇಣಿಗೂ ಹುಟ್ಟಿನ ಸಂಬಂಧವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭೂಗರ್ಭದಿಂದ ಒಂದೇ ಕಡೆ ಮೇಲೇಳುತ್ತಿದ್ದ ಶಾಖದ ಸೆಲೆಯೊಂದರ ಮೇಲೆ ಭಾರತದ ಭೂಫಲಕ ಹಾದುಹೋಗುತ್ತಿದ್ದಾಗ ನೆಲ ಬಿರಿದು ಉಕ್ಕಿದ ಲಾವಾ, ಪದರದ ಮೇಲೆ ಪದರವಾಗಿ ಆರಿ, ಇಂದು ದಖ್ಖನ್ ಟ್ರಾಪ್ ಎಂದು ಕರೆಯಲಾಗುವ ಬಸಾಲ್ಟ್ ಶಿಲೆಯಾಯಿತು. ಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಸೆಲೆ ಅದರ ಹಿಂದೆ ಸಮುದ್ರದ ತಳದಲ್ಲಿ ಲಕ್ಷದ್ವೀಪ, ಮಾಲ್ದೀವ್ಸ್ ಮತ್ತು ಚಾಗೋಸ್‌ಗಳ ಉದ್ದನೆಯ ಏಣನ್ನು ಎಬ್ಬಿಸಿತು, ಈಗ ರಿಯೂನಿಯನ್ ದ್ವೀಪದ ಕೆಳಗೆ ಕುದಿಯುತ್ತಿದೆ ಎಂಬುದು ಭೂವಿಜ್ಞಾನಿಗಳು ಹೆಚ್ಚಾಗಿ ಒಪ್ಪಿರುವ ವಿವರಣೆ. ಆ ಏಣಿನ ಎರಡೂ ಬದಿಯ ಆಳದ ನೀರಿನಲ್ಲಿ ಹಗಲೆಲ್ಲ ಕತ್ತಲಲ್ಲಿದ್ದು ಇರುಳಿಗೆ ಮೇಲೆ ಬರುವ ಸ್ಕ್ವಿಡ್‌ಗಳು ದೊಡ್ಡ ಸಂಖ್ಯೆಯಲ್ಲಿ ವಾಸಿಸುತ್ತವೆ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ತೊಗರಿ ನಾಡಿನ ಓದುಗರಿಗೆ ಈ ಜೀವಿಗಳು ಅಪರಿಚಿತವೆನಿಸಬಹುದು, ಆದರೆ ಅವುಗಳ ವಂಶದ ಕುರುಹುಗಳು ಆ ಭಾಗದ ದೇವರ ಕೋಣೆಗೂ ಗ್ರಂಧಿಗೆ ಅಂಗಡಿಗೂ ಬಹಳ ಹಿಂದೆಯೇ ತಲುಪಿವೆ.

ಸ್ಕ್ವಿಡ್, ಆಕ್ಟೋಪಸ್, ಕಟಲ್‌ಫಿಶ್ ಮತ್ತು ನಾಟಿಲಸ್‌ಗಳು ಪ್ರಾಣಿಶಾಸ್ತ್ರದಲ್ಲಿ ಶಿರಪಾದಿಗಳು ಎಂಬ ಒಂದೇ ವರ್ಗಕ್ಕೆ ಸೇರುತ್ತವೆ. ತಲೆಗೇ ನೇರವಾಗಿ ತೋಳುಗಳು ಅಂಟಿಕೊಂಡಿರುವುದರಿಂದ ಈ ಹೆಸರು ಬಂದಿದೆ. ಹೆಸರಿನಲ್ಲಿ ಮೀನು ಎಂಬ ಅಂಶವಿದ್ದರೂ ಕಟಲ್‌ಫಿಶ್ ಮೀನಲ್ಲ. ಇವೆಲ್ಲವೂ ಬಸವನಹುಳು, ಕಪ್ಪೆಚಿಪ್ಪುಗಳಂತೆ ಮೃದ್ವಂಗಿಗಳು, ಅಂದರೆ ಬೆನ್ನೆಲುಬಿಲ್ಲದ ಮೆತ್ತನೆಯ ದೇಹದ ಪ್ರಾಣಿಗಳು. ಆಕ್ಟೋಪಸ್‌ಗೆ ಎಂಟು ತೋಳುಗಳು. ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳಿಗೆ ಎಂಟು ತೋಳುಗಳ ಜೊತೆಗೆ ಬೇಟೆಗೆಂದು ಚಾಚುವ ಎರಡು ನೀಳ ಸ್ಪರ್ಶಾಂಗಗಳು. ಮೂರು ಹೃದಯಗಳು, ತಾಮ್ರದ ಅಂಶವಿರುವ ಹಿಮೊಸಯನಿನ್ ಎಂಬ ವಸ್ತುವಿನಿಂದಾಗಿ ನೀಲಿಯಾಗಿ ತೋರುವ ರಕ್ತ, ಗಿಳಿಯ ಕೊಕ್ಕನ್ನು ಹೋಲುವ ಗಟ್ಟಿ ದವಡೆ ಈ ಮೂರಕ್ಕೂ ಸಾಮಾನ್ಯ. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಸುಮಾರು 800 ಜಾತಿಗಳಲ್ಲಿ ಒಂದೂ ಸಿಹಿನೀರಿನಲ್ಲಿ ಬದುಕುವುದಿಲ್ಲ, ಏಕೆಂದರೆ ಇವುಗಳ ದೇಹದ್ರವದ ಲವಣಾಂಶ ಸುತ್ತಲಿನ ಕಡಲ ನೀರಿನಷ್ಟೇ ಇರುತ್ತದೆ ಮತ್ತು ಆ ಸಮತೋಲನವನ್ನು ಸಿಹಿನೀರಿನಲ್ಲಿ ಕಾಯ್ದುಕೊಳ್ಳುವ ಅಂಗರಚನೆ ಇವುಗಳಲ್ಲಿ ಬೆಳೆದೇ ಇಲ್ಲ. ಹೀಗಾಗಿ ಅಫಜಲಪುರವನ್ನು ಹಾದು, ಗಾಣಗಾಪುರದ ಸಂಗಮದಲ್ಲಿ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯತ್ತ ಸಾಗಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಸೇರುವ ಭೀಮೆಯಲ್ಲಿ ಇವು ಎಂದೂ ಇದ್ದಿಲ್ಲ. ಜೇವರ್ಗಿ, ಶಹಾಬಾದ್ ಭಾಗದ ಹಾಸುಗಲ್ಲು ಪುರಾತನ ಸಮುದ್ರವೊಂದರ ತಳದಲ್ಲಿ ಕೂತ ಸುಣ್ಣದ ಮಡ್ಡಿಯೇ ಆದರೂ, ಆ ಸಮುದ್ರ ಮೊದಲ ಶಿರಪಾದಿ ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನದು. ಶಿರಪಾದಿಗಳ ಇತಿಹಾಸ ಸುಮಾರು 50 ಕೋಟಿ ವರ್ಷಗಳಷ್ಟು ಹಿಂದಕ್ಕೆ ಮಾತ್ರ ಹೋಗುತ್ತದೆ.

ಇವುಗಳ ನೆಲೆ ಎಲ್ಲಿ ಎಂಬ ಪ್ರಶ್ನೆಗೆ ಭೂಪಟದ ಅಕ್ಷಾಂಶ ರೇಖಾಂಶಗಳಲ್ಲಿ ಉತ್ತರಿಸುವುದು ರೂಢಿಯಾದರೂ, ಅದು ಅರ್ಧ ಉತ್ತರ. ಒಂದೇ ಬಿಂದುವಿನ ಕೆಳಗೆ ಮೇಲ್ಮೈಯಲ್ಲಿ ಒಂದು ಜಾತಿ, 500 ಮೀಟರಿನಲ್ಲಿ ಇನ್ನೊಂದು, ತಳದಲ್ಲಿ ಮತ್ತೊಂದು ಬದುಕುತ್ತಿರಬಹುದು, ಮತ್ತು ಅವು ಪರಸ್ಪರ ಸಂಧಿಸದೆಯೇ ಇರಬಹುದು. ಆಳವೇ ಇಲ್ಲಿ ನಿಜವಾದ ಭೂಗೋಳ. ಆ ಆಳಕ್ಕೆ ಇಳಿಯಲು ಈ ವಂಶ ತೆತ್ತ ಬೆಲೆ ಅದರ ಚಿಪ್ಪು.

ಮೊದಲ ಶಿರಪಾದಿಗಳಿಗೆಲ್ಲ ಹೊರಚಿಪ್ಪು ಇತ್ತು. ಚಿಪ್ಪಿನ ಒಳಭಾಗ ಅಡ್ಡಗೋಡೆಗಳಿಂದ ಕೋಣೆ ಕೋಣೆಯಾಗಿ, ಅವುಗಳಲ್ಲಿ ಅನಿಲ ತುಂಬಿ, ಪ್ರಾಣಿ ಶ್ರಮವಿಲ್ಲದೆ ನೀರಿನಲ್ಲಿ ತೇಲುವಂತಿತ್ತು. ಮಾಧ್ವ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದೊಳಗಿನ ಚಕ್ರದ ಗುರುತು ಇಂಥದೇ ಚಿಪ್ಪಿನದು. ನೇಪಾಳದ ಕಾಳಿ ಗಂಡಕಿಯ ಪಾತ್ರದಲ್ಲಿ ಸಿಗುವ ಆ ಕರಿಯ ಉಂಡೆಗಲ್ಲುಗಳಲ್ಲಿ ಬಹುಪಾಲಿನವು, ಹಿಮಾಲಯ ಏಳುವುದಕ್ಕೆ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಅಮೊನೈಟ್ ಎಂಬ ಶಿರಪಾದಿಗಳ ಪಳೆಯುಳಿಕೆಗಳು. ತಮಿಳುನಾಡಿನ ಅರಿಯಲೂರಿನ ಸುತ್ತಲೂ ಅಮೊನೈಟ್‌ಗಳು ಹೇರಳವಾಗಿ ಸಿಗುತ್ತವೆ. ಖಜೂರಿಯ ಬಂಡೆ ಲಾವಾ ರೂಪದಲ್ಲಿ ಹರಿಯುತ್ತಿದ್ದ ಕಾಲದ ಆಸುಪಾಸಿನಲ್ಲೇ, ಡೈನೋಸಾರ್‌ಗಳ ಜೊತೆಗೆ, ಅಮೊನೈಟ್‌ಗಳು ಪೂರ್ತಿ ಅಳಿದುಹೋದವು. ಆದರೆ ಅದೇ ಬಗೆಯ ಚಿಪ್ಪಿದ್ದ ನಾಟಿಲಸ್ ಉಳಿದುಕೊಂಡಿತು. ಅಮೊನೈಟ್‌ಗಳ ಪುಟಾಣಿ ಮರಿಗಳು ಮೇಲ್ಮೈಯ ತೇಲುಜೀವಿಗಳ ನಡುವೆ ಬೆಳೆಯುತ್ತಿದ್ದವು, ನಾಟಿಲಸ್ ಮಾತ್ರ ಆಳದಲ್ಲಿ ದೊಡ್ಡ ಮೊಟ್ಟೆಗಳನ್ನಿಡುತ್ತಿತ್ತು, ಆದ್ದರಿಂದ ಮೇಲ್ಮೈಯ ಆಹಾರಜಾಲ ಕುಸಿದಾಗ ಆಳದ ನೆಲೆ ಅದನ್ನು ಕಾಪಾಡಿತು ಎಂಬ ವಿವರಣೆಯನ್ನು ಹಲವು ವಿಜ್ಞಾನಿಗಳು ಮುಂದಿಡುತ್ತಾರೆ.

ಅನಿಲ ತುಂಬಿದ ಚಿಪ್ಪಿಗೆ ಒಂದು ಮಿತಿಯಿದೆ. ಪ್ರತಿ 10 ಮೀಟರ್ ಇಳಿದಾಗಲೂ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ, ಒಂದು ಹಂತದಲ್ಲಿ ಚಿಪ್ಪು ಒಳಕ್ಕೆ ಕುಸಿದು ನುಚ್ಚಾಗುತ್ತದೆ. ನಾಟಿಲಸ್ ಚಿಪ್ಪಿಗೆ ಈ ಅಂತಿಮ ಗೆರೆ ಸುಮಾರು 800 ಮೀಟರ್. ಕಟಲ್‌ಫಿಶ್ ತನ್ನ ಚಿಪ್ಪನ್ನು ದೇಹದ ಒಳಗೆ ಸೇರಿಸಿಕೊಂಡು ಹಗುರ ಮಾಡಿಕೊಂಡಿದೆ. ಅದು ಸತ್ತ ಮೇಲೆ ದಡಕ್ಕೆ ತೇಲಿಬರುವ ಬಿಳಿಯ, ಉಗುರಿನಿಂದ ಕೆರೆದರೆ ಪುಡಿಯಾಗುವ ಆ ಹಲಗೆಯೇ ಆಯುರ್ವೇದದ ಸಮುದ್ರಫೇನ. ಸಮುದ್ರದ ನೊರೆ ಗಟ್ಟಿಯಾಗಿ ಆದದ್ದೆಂಬ ಹಳೆಯ ನಂಬಿಕೆ ಹೆಸರಿನಲ್ಲೇ ಉಳಿದಿದೆ. ತೆಳುಗೋಡೆಗಳಿಂದಾದ ಈ ಹಲಗೆ, ಜಾತಿಯನ್ನು ಅವಲಂಬಿಸಿ, 200ರಿಂದ 600 ಮೀಟರಿನ ನಡುವೆ ಒಡೆದುಹೋಗುವುದರಿಂದ ಕಟಲ್‌ಫಿಶ್‌ಗಳಿಗೆ ಆಳಸಮುದ್ರ ಮುಚ್ಚಿದ ಬಾಗಿಲು. ಸ್ಕ್ವಿಡ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅನಿಲದ ಕೋಣೆಗಳನ್ನೇ ಬಿಟ್ಟುಕೊಟ್ಟವು, ಬೆನ್ನಿನೊಳಗೆ ಪಾರದರ್ಶಕವಾದ ತೆಳ್ಳನೆಯ ಕಡ್ಡಿಯೊಂದನ್ನು ಮಾತ್ರ ಉಳಿಸಿಕೊಂಡವು. ಬಹುತೇಕ ಆಕ್ಟೋಪಸ್‌ಗಳಲ್ಲಿ ಅದೂ ಇಲ್ಲವಾಯಿತು. ಹಿಂಡಿದರೆ ಕುಗ್ಗುವಂಥದ್ದು ಒಳಗೆ ಏನೂ ಇಲ್ಲದ ದೇಹಕ್ಕೆ ಒತ್ತಡದ ಭಯ ಕಡಿಮೆ. ಚಿಪ್ಪಿನ ರಕ್ಷಣೆಯನ್ನು ಕಳೆದುಕೊಂಡದ್ದಕ್ಕೆ ಬದಲಾಗಿ ಈ ಎರಡು ಗುಂಪುಗಳಿಗೆ ಸಾಗರದ ಹೆಚ್ಚುಕಡಿಮೆ ಎಲ್ಲ ಆಳಗಳೂ ತೆರೆದುಕೊಂಡವು.

ಕರ್ನಾಟಕದ ಎದುರಿನ ಸಮುದ್ರವನ್ನು ಕಾರವಾರ, ಮಲ್ಪೆ ಅಥವಾ ಮಂಗಳೂರಿನಿಂದ ನೇರ ಪಶ್ಚಿಮಕ್ಕೆ ಸೀಳಿ ನೋಡಿದರೆ ಮೊದಲು ಸಿಗುವುದು ಖಂಡಾವರಣ ಪ್ರದೇಶ, ಅಂದರೆ ಭೂಖಂಡವೇ ನೀರಿನಡಿ ಮೆಲ್ಲಗೆ ಇಳಿಯುತ್ತ ಮುಂದುವರಿದಿರುವ ಹಾಸು. ಮುಂಬೈ ಎದುರಿಗೆ ಬಹಳ ಅಗಲವಾಗಿರುವ ಈ ಹಾಸು ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದೆ. ಸುಮಾರು 200 ಮೀಟರ್ ಆಳದ ಬಳಿ ಅದು ಮುಗಿದು, ಖಂಡಾವರಣ ಇಳಿಜಾರು ಕಡಿದಾಗಿ ಕೆಳಗಿಳಿದು, 2000 ಮೀಟರ್ ಆಸುಪಾಸಿನ ಲಕ್ಷದ್ವೀಪ ಜಲಾನಯನವನ್ನು ಸೇರುತ್ತದೆ; ಅದರಾಚೆ ಮೊದಲೇ ಹೇಳಿದ ಲಾವಾ ಏಣು, ಏಣಿನಾಚೆ 4000 ಮೀಟರಿಗೂ ಮೀರಿದ ಅರಬ್ಬಿ ಜಲಾನಯನ. ಸೂರ್ಯನ ಬೆಳಕು ಜೀವಿಗಳಿಗೆ ಉಪಯೋಗವಾಗುವಷ್ಟು ಇಳಿಯುವುದು ಸುಮಾರು 200 ಮೀಟರಿನವರೆಗೆ. ಅಲ್ಲಿಂದ 1000 ಮೀಟರಿನವರೆಗೆ ಮಬ್ಬು, ಅದರ ಕೆಳಗೆ ಸೂರ್ಯನ ಸುಳಿವೇ ಇಲ್ಲದ ಕತ್ತಲು. ಮೇಲ್ಮೈಯಲ್ಲಿ 28, 29 ಡಿಗ್ರಿ ಸೆಲ್ಸಿಯಸ್ ಇರುವ ನೀರು ಜಲಾನಯನದ ತಳದಲ್ಲಿ ಎರಡು ಡಿಗ್ರಿಯ ಹತ್ತಿರಕ್ಕೆ ತಣಿದಿರುತ್ತದೆ.

ಕರಾವಳಿಯವರು ಬೊಂಡಾಸ್ ಎಂದು ಕರೆದು ಸುಕ್ಕ, ಗೀರೋಸ್ಟ್ ಮಾಡುವ ಸ್ಕ್ವಿಡ್ ಬಹುಪಾಲು ಖಂಡಾವರಣದ್ದೇ. ವಿಜ್ಞಾನದಲ್ಲಿ ಯುರೊಟ್ಯೂಥಿಸ್ ಡುವಾಸೆಲಿ ಎಂದು ಹೆಸರಾದ ಈ ಭಾರತೀಯ ಸ್ಕ್ವಿಡ್ ಸಾಮಾನ್ಯವಾಗಿ 170 ಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ, ಮೊಟ್ಟೆಗಳನ್ನು ಬೆರಳಿನಾಕಾರದ ಲೋಳೆಯ ಕೋಶಗಳಲ್ಲಿ ತಳಕ್ಕೆ ಅಂಟಿಸುತ್ತದೆ. ಕಪ್ಪೆ ಬೊಂಡಾಸ್ ಎನ್ನಲಾಗುವ ಕಟಲ್‌ಫಿಶ್, ಮಂಗಳೂರು ಧಕ್ಕೆಗೆ ಟ್ರಾಲ್ ಬಲೆಗಳಲ್ಲಿ ಬಂದಿಳಿಯುವ ಸಣ್ಣ ಆಕ್ಟೋಪಸ್‌ಗಳು, ಇವೂ ಇದೇ ಹಾಸಿನ ನಿವಾಸಿಗಳು. ಪೇಟೆಗೆ ಬರುವುದೆಲ್ಲ ಇವೇ ಆದ್ದರಿಂದ ಶಿರಪಾದಿಗಳೆಂದರೆ ಇಷ್ಟೇ ಎಂಬ ಭಾವನೆ ಬೆಳೆದಿದ್ದರೆ ಅಚ್ಚರಿಯಿಲ್ಲ. ಆದರೆ ಹಾಸು ಮುಗಿಯುವ ಅಂಚಿನಿಂದ ಕೆಳಗೆ ಬೇರೆಯದೇ ಜಾತಿಗಳ ವ್ಯವಸ್ಥೆಯೊಂದು ಆರಂಭವಾಗುತ್ತದೆ, ಮತ್ತು ಅರಬ್ಬಿ ಸಮುದ್ರದಲ್ಲಿ ಆ ವ್ಯವಸ್ಥೆಯನ್ನು ಆಳುವುದು ಕತ್ತಲಿಗಿಂತ, ತಂಪಿಗಿಂತ, ಒತ್ತಡಕ್ಕಿಂತ ಹೆಚ್ಚಾಗಿ ಉಸಿರು.

ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ, ಕೆಲವೆಡೆ ಇನ್ನೂ ಕೆಳಗಿನವರೆಗೆ, ನೀರಿನಲ್ಲಿ ಕರಗಿದ ಆಮ್ಲಜನಕ ಅತ್ಯಲ್ಪವಾಗಿರುವ ದಪ್ಪನೆಯ ಸ್ತರವೊಂದಿದೆ. ಜಗತ್ತಿನ ಸಾಗರಗಳಲ್ಲಿ ಇಂಥ ಸ್ತರಗಳು ಬೇರೆಡೆಯೂ ಇವೆಯಾದರೂ ಇಷ್ಟು ದಪ್ಪವಾಗಿ, ಇಷ್ಟು ತೀವ್ರವಾಗಿ ಇರುವ ಕಡೆಗಳು ಕೆಲವೇ. ಇದರ ಮೂಲ ಮುಂಗಾರಿನಲ್ಲಿದೆ. ನೈಋತ್ಯ ಮಾರುತಗಳು ಬೀಸುವ ತಿಂಗಳುಗಳಲ್ಲಿ ಸೊಮಾಲಿಯಾ ಮತ್ತು ಒಮಾನ್ ತೀರಗಳಲ್ಲಿ ಬಹಳ ಬಲವಾಗಿಯೂ, ಕೇರಳ ಕರ್ನಾಟಕಗಳ ತೀರದಲ್ಲಿ ಅದಕ್ಕಿಂತ ಮೆಲ್ಲಗೂ, ಮೇಲ್ಮೈಯ ನೀರು ದೂರ ಸರಿದು ಕೆಳಗಿನ ತಂಪಾದ, ಪೋಷಕಾಂಶಗಳು ತುಂಬಿದ ನೀರು ಮೇಲಕ್ಕೆ ಏರುತ್ತದೆ. ಬೆಳಕು ಸಿಕ್ಕ ಕೂಡಲೇ ಅದರಲ್ಲಿ ಸೂಕ್ಷ್ಮ ಸಸ್ಯಗಳು ಅಪಾರವಾಗಿ ಬೆಳೆಯುತ್ತವೆ, ಮುಂಗಾರಿನ ನಂತರ ಭೂತಾಯಿ, ಬಂಗುಡೆಗಳ ಸುಗ್ಗಿಗೆ ಇದೇ ಆಧಾರ. ಆ ಸಸ್ಯಗಳೂ ಅವನ್ನು ತಿಂದ ಜೀವಿಗಳೂ ಸತ್ತು ಕೆಳಗಿಳಿಯುತ್ತ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಸುತ್ತಲಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಉತ್ತರಕ್ಕೆ ಏಷ್ಯಾ ಖಂಡ ಗೋಡೆಯಂತೆ ಅಡ್ಡ ನಿಂತಿರುವುದರಿಂದ ಧ್ರುವದ ಕಡೆಯಿಂದ ಆಮ್ಲಜನಕ ತುಂಬಿದ ತಂಪು ನೀರು ಬಂದು ಆ ಕೊರತೆಯನ್ನು ಬೇಗನೆ ತುಂಬಲಾರದು. ಹೀಗೆ ಮೇಲಿನ ಸಮೃದ್ಧಿಯೇ ಕೆಳಗಿನ ಉಸಿರುಗಟ್ಟುವಿಕೆಗೆ ಕಾರಣವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಆಮ್ಲಜನಕವಿಲ್ಲದ ನೀರು ಖಂಡಾವರಣದ ಮೇಲಕ್ಕೂ ಹತ್ತಿ ತೀರದ ಸಮೀಪಕ್ಕೆ ಬರುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಸ್ತರದ ತೀವ್ರತೆ ಉತ್ತರ ಮತ್ತು ಮಧ್ಯ ಅರಬ್ಬಿ ಸಮುದ್ರದಲ್ಲಿ ಹೆಚ್ಚು, ದಕ್ಷಿಣಕ್ಕೆ ಸಾಗಿದಂತೆ ಕಡಿಮೆ.

ಶಿರಪಾದಿಗಳಿಗೆ ಇದು ಸಣ್ಣ ತೊಡಕಲ್ಲ. ಸ್ಕ್ವಿಡ್ ಈಜುವುದು ದೇಹದೊಳಗೆ ಎಳೆದುಕೊಂಡ ನೀರನ್ನು ಕೊಳವೆಯ ಮೂಲಕ ರಭಸದಿಂದ ಹೊರಹಾಕಿ. ಮೀನಿನ ಈಜಿಗೆ ಹೋಲಿಸಿದರೆ ಇದು ದುಬಾರಿ ವಿಧಾನ, ಆಮ್ಲಜನಕದ ಬೇಡಿಕೆ ವಿಪರೀತ. ಹಿಮೊಸಯನಿನ್ ಮಾತ್ರ ನಮ್ಮ ರಕ್ತದ ಹಿಮೊಗ್ಲೋಬಿನ್ನಿನಷ್ಟು ಆಮ್ಲಜನಕವನ್ನು ಹೊರಲಾರದು. ಬೇಡಿಕೆ ಹೆಚ್ಚು, ಸಾಗಿಸುವ ಶಕ್ತಿ ಕಡಿಮೆ ಎಂಬ ಈ ಇಕ್ಕಟ್ಟಿನಲ್ಲಿ ಅರಬ್ಬಿ ಸಮುದ್ರದ ಮಧ್ಯಸ್ತರ ಸ್ಕ್ವಿಡ್‌ಗಳಿಲ್ಲದೆ ಬರಿದಾಗಿರಬೇಕಿತ್ತು. ವಾಸ್ತವದಲ್ಲಿ ಅಲ್ಲಿ ಹಾಗಾಗಿಲ್ಲ.

ಸ್ತೆನೊಟ್ಯೂಥಿಸ್ ಔಲಾನಿಯೆನ್ಸಿಸ್ ಎಂಬ ನೇರಳೆ ಬೆನ್ನಿನ ಹಾರುವ ಸ್ಕ್ವಿಡ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಉಷ್ಣವಲಯದಲ್ಲೆಲ್ಲ ಇದೆ. 1830ರಲ್ಲಿ ಫ್ರೆಂಚ್ ನಿಸರ್ಗವಿಜ್ಞಾನಿ ಲೆಸ್ಸೊನ್ ಇದಕ್ಕೆ ಹೆಸರಿಟ್ಟಾಗ ಪೆಸಿಫಿಕ್‌ನ ಔಲಾನ್ ದ್ವೀಪ, ಅಂದರೆ ಇಂದಿನ ಕೊಸ್ರೇ, ಆ ಹೆಸರಿನಲ್ಲಿ ಸೇರಿತು. ಇದರಲ್ಲಿ ಗಾತ್ರದಿಂದ ಬೇರ್ಪಡುವ ಹಲವು ರೂಪಗಳಿವೆ. ಬೆನ್ನಿನ ಮೇಲೆ ಬೆಳಕು ಸೂಸುವ ಮಚ್ಚೆಯಿಲ್ಲದ ಕುಳ್ಳ ರೂಪ, ಎಲ್ಲೆಡೆ ಸಾಮಾನ್ಯವಾದ ಮಧ್ಯಮ ರೂಪ ಮತ್ತು ಅರಬ್ಬಿ ಸಮುದ್ರದಲ್ಲಿ ಕಾಣುವ ದೈತ್ಯ ರೂಪ ಅವುಗಳಲ್ಲಿ ಮುಖ್ಯ. ದೈತ್ಯ ರೂಪದ ಹೆಣ್ಣಿನ ಮುಂಡವೊಂದೇ, ತಲೆ ಮತ್ತು ತೋಳುಗಳನ್ನು ಬಿಟ್ಟು, 65 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಒಂದೇ ವರ್ಷದ ಆಯಸ್ಸಿನಲ್ಲಿ ಈ ಗಾತ್ರಕ್ಕೆ ಬೆಳೆಯಬೇಕಾದರೆ ಎಷ್ಟು ತಿನ್ನಬೇಕಾದೀತು ಎಂಬುದನ್ನು ಊಹಿಸಿದರೆ, ಈ ಜೀವಿ ತನ್ನ ಜಾತಿಯದೇ ಸಣ್ಣ ಸ್ಕ್ವಿಡ್‌ಗಳನ್ನೂ ಬಿಡದೆ ತಿನ್ನುವುದು ವಿಚಿತ್ರವೆನಿಸುವುದಿಲ್ಲ. ದೊಡ್ಡ ಮೀನುಗಳು ಅಟ್ಟಿಸಿಕೊಂಡು ಬಂದಾಗ ಇದು ನೀರಿನಿಂದ ಹೊರಚಿಮ್ಮಿ, ರೆಕ್ಕೆ ಮತ್ತು ತೋಳುಗಳನ್ನು ಹರಡಿ ಅಲೆಗಳ ಮೇಲೆ ತೇಲಿ ಸಾಗುತ್ತದೆ, ಹಾರುವ ಎಂಬ ವಿಶೇಷಣ ಬಂದದ್ದು ಅದರಿಂದ.

ಈ ಸ್ಕ್ವಿಡ್‌ನ ವಿಳಾಸ ದಿನಕ್ಕೆ ಎರಡು ಬಾರಿ ಬದಲಾಗುತ್ತದೆ. ಇರುಳು ಅದು ಮೇಲಿನ ಕೆಲವು ಹತ್ತು ಮೀಟರುಗಳಲ್ಲಿ ಬೇಟೆಯಾಡುತ್ತದೆ, ಬೆಳಗಾಗುತ್ತಲೇ 400 ಮೀಟರಿಗೂ ಅದಕ್ಕಿಂತ ಬಹಳ ಕೆಳಗೂ ಇಳಿದು, ಹಗಲನ್ನು ಆಮ್ಲಜನಕ ಅತ್ಯಲ್ಪವಾಗಿರುವ ಸ್ತರದಲ್ಲಿ ಕಳೆಯುತ್ತದೆ. ಅದರ ಮುಖ್ಯ ಆಹಾರವಾದ ದೀಪಮೀನುಗಳು, ಅಂದರೆ ಮೈಮೇಲೆ ಬೆಳಕಿನ ಚುಕ್ಕೆಗಳಿರುವ ಬೆರಳುದ್ದದ ಮೀನುಗಳು, ಇದೇ ರೀತಿ ಮೇಲೆ ಕೆಳಗೆ ಓಡಾಡುವುದು ಒಂದು ಕಾರಣ; ಸ್ಕ್ವಿಡ್ ತಿನ್ನುವ ದೊಡ್ಡ ಟ್ಯೂನಾಗಳಂಥ ಚುರುಕು ಮೀನುಗಳು ಉಸಿರಿಲ್ಲದ ನೀರಿಗೆ ಇಳಿಯಲಾರವು ಎಂಬುದು ಇನ್ನೊಂದು. ಬೇಟೆಗಾರನಿಂದ ತಪ್ಪಿಸಿಕೊಳ್ಳಲು ಉಸಿರಾಡಲಾಗದ ಕಡೆಗೇ ಹೋಗಿ ಕೂರುವುದು ಸುಲಭದ ಉಪಾಯವಲ್ಲ. ಇದರ ಹತ್ತಿರದ ಸಂಬಂಧಿಯಾದ ಪೆಸಿಫಿಕ್ ಸಾಗರದ ಹಂಬೋಲ್ಟ್ ಸ್ಕ್ವಿಡ್ ಮೇಲೆ ನಡೆದ ಪ್ರಯೋಗಗಳಲ್ಲಿ, ಆಮ್ಲಜನಕ ತೀರ ಇಳಿದಾಗ ಅದು ದೇಹದ ಒಳಗಿನ ರಾಸಾಯನಿಕ ಚಟುವಟಿಕೆಯ ಬಹುಭಾಗವನ್ನು ತಾತ್ಕಾಲಿಕವಾಗಿ ತಗ್ಗಿಸಿಬಿಡುವುದು ಕಂಡುಬಂದಿದೆ: ಹಗಲೆಲ್ಲ ಅರೆನಿದ್ದೆಯಂಥ ಸ್ಥಿತಿ, ಇರುಳು ಆ ಸಾಲದ ತೀರುವಳಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2010ರ ನಂತರದ ವರ್ಷಗಳಲ್ಲಿ ಲಕ್ಷದ್ವೀಪದ ಸುತ್ತಲಿನ ಆಳದ ನೀರಿನಲ್ಲಿ ಈ ಜಾತಿಯನ್ನು ಗುರಿಯಾಗಿಟ್ಟುಕೊಂಡು ಅಧ್ಯಯನ ನಡೆಸಿತು. 1956ರವರೆಗೆ ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಅಲ್ಲಿನ ಓಡಗಳು ಕೊಬ್ಬರಿ ಮತ್ತು ನಾರು ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದವು. ಆ ಓಡಗಳು ಈ ಸ್ಕ್ವಿಡ್‌ಗಳ ನೆಲೆಯ ಮೇಲೆಯೇ ಹಾದುಬರುತ್ತಿದ್ದವು.

ಓಡಾಡದೆ ಮಬ್ಬಿನ ಸ್ತರದಲ್ಲೇ ಹೆಚ್ಚು ಹೊತ್ತು ಕಳೆಯುವ ಜಾತಿಗಳು ಬೇರೆ ದಾರಿ ಹಿಡಿದಿವೆ. ಗಾಜಿನ ಸ್ಕ್ವಿಡ್‌ಗಳು ಕಣ್ಣು ಮತ್ತು ಜೀರ್ಣಗ್ರಂಥಿಯನ್ನು ಬಿಟ್ಟರೆ ಪೂರ್ತಿ ಪಾರದರ್ಶಕ. ದೇಹದೊಳಗಿನ ದೊಡ್ಡ ಚೀಲವೊಂದರಲ್ಲಿ ಕಡಲ ನೀರಿಗಿಂತ ಹಗುರವಾದ ಅಮೋನಿಯಂ ಲವಣದ ದ್ರವವನ್ನು ತುಂಬಿಕೊಂಡು, ಕಳೆದುಕೊಂಡ ಅನಿಲದ ಚಿಪ್ಪಿನ ಕೆಲಸವನ್ನು ಅದರಿಂದ ಮಾಡಿಸಿಕೊಳ್ಳುತ್ತವೆ. ಹಿಸ್ಟಿಯೊಟ್ಯೂಥಿಸ್ ಕುಲದ ಸ್ಕ್ವಿಡ್‌ಗಳ ಎಡಗಣ್ಣು ಬಲಗಣ್ಣಿಗಿಂತ ಬಹಳ ದೊಡ್ಡದು. ದೊಡ್ಡ ಕಣ್ಣು ಮೇಲಕ್ಕೆ ನೆಟ್ಟು ಮಸುಕು ಬೆಳಕಿನಲ್ಲಿ ಹಾದುಹೋಗುವ ನೆರಳುಗಳನ್ನು ಹುಡುಕುತ್ತದೆ, ಸಣ್ಣ ಕಣ್ಣು ಕೆಳಗಿನ ಕತ್ತಲಲ್ಲಿ ಮಿನುಗುವ ಜೀವಿಗಳ ಬೆಳಕನ್ನು ಗಮನಿಸುತ್ತದೆ. ಮೈಯ ಕೆಳಭಾಗದ ಬೆಳಕಿನ ಚುಕ್ಕೆಗಳನ್ನು ಮೇಲಿನಿಂದ ಬರುವ ಬೆಳಕಿನಷ್ಟೇ ಮಂದವಾಗಿ ಉರಿಸಿ, ಕೆಳಗಿನಿಂದ ನೋಡುವ ಶತ್ರುವಿಗೆ ತನ್ನ ನೆರಳೇ ಕಾಣದಂತೆ ಮಾಡಿಕೊಳ್ಳುವುದು ಈ ಸ್ತರದ ಅನೇಕ ಸ್ಕ್ವಿಡ್‌ಗಳ ರೂಢಿ.

ಆಮ್ಲಜನಕ ಅತ್ಯಲ್ಪವಾಗಿರುವ ಸ್ತರಕ್ಕೆ ಹಗಲಿನ ಅತಿಥಿಯಾಗಿ ಬರುವ ಬದಲು ಅಲ್ಲಿಯೇ ಸಂಸಾರ ಹೂಡಿರುವುದು ವ್ಯಾಂಪೈರೊಟ್ಯೂಥಿಸ್ ಇನ್ಫರ್ನಾಲಿಸ್, ಅಂದರೆ ನರಕದ ರಕ್ತಪಿಶಾಚಿ ಸ್ಕ್ವಿಡ್. 1898–99ರಲ್ಲಿ ವಾಲ್ಡಿವಿಯಾ ಹಡಗಿನಲ್ಲಿ ನಡೆದ ಜರ್ಮನ್ ಆಳಸಮುದ್ರ ಯಾತ್ರೆಯ ಮುಖ್ಯಸ್ಥ ಕಾರ್ಲ್ ಖೂನ್ 1903ರಲ್ಲಿ ಕೊಟ್ಟ ಈ ಹೆಸರು, ಅಷ್ಟು ನಿರುಪದ್ರವಿ ಪ್ರಾಣಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಸುಮಾರು 30 ಸೆಂಟಿಮೀಟರ್ ಉದ್ದದ, ತೋಳುಗಳ ನಡುವೆ ಕಪ್ಪುಗೆಂಪಿನ ಜಾಲಪೊರೆಯಿರುವ ಇದು ಸ್ಕ್ವಿಡ್ಡೂ ಅಲ್ಲ, ಆಕ್ಟೋಪಸ್ಸೂ ಅಲ್ಲ. ತನ್ನದೇ ಆದ ಪುರಾತನ ಗಣವೊಂದರಲ್ಲಿ ಇಂದು ಬದುಕುಳಿದಿರುವ ಏಕೈಕ ವಂಶ. ಹಿಂದೂ ಮಹಾಸಾಗರವೂ ಸೇರಿ ಬೆಚ್ಚನೆಯ ಸಾಗರಗಳಲ್ಲಿ 600ರಿಂದ 1200 ಮೀಟರ್ ಆಳದ ಕಡಿಮೆ ಆಮ್ಲಜನಕದ ನೀರು ಇದರ ಮನೆ. ಇದರ ಹಿಮೊಸಯನಿನ್ ಅತ್ಯಲ್ಪ ಆಮ್ಲಜನಕವನ್ನೂ ಹಿಡಿದುಕೊಳ್ಳಬಲ್ಲದು, ಸ್ನಾಯುಗಳು ಮೆತ್ತಗೆ, ಚಟುವಟಿಕೆ ತೀರ ನಿಧಾನ. ರಕ್ತ ಹೀರುವುದಿರಲಿ, ಇದು ಬೇಟೆಯನ್ನೇ ಆಡುವುದಿಲ್ಲ: ಮೇಲಿನಿಂದ ಹಿಮದಂತೆ ಉದುರುವ ಸತ್ತ ಜೀವಿಗಳ ಚೂರು, ಮಲ, ಲೋಳೆಗಳನ್ನು ನೀಳವಾದ ಎಳೆಗಳಿಂದ ಹಿಡಿದು, ಉಂಡೆಕಟ್ಟಿ ಬಾಯಿಗೆ ಹಾಕಿಕೊಳ್ಳುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ಖಚಿತವಾಯಿತು. ಕತ್ತಲಲ್ಲಿ ಮಸಿ ಚೆಲ್ಲಿ ಪ್ರಯೋಜನವಿಲ್ಲವಾದ್ದರಿಂದ ಅಪಾಯ ಬಂದಾಗ ಹೊಳೆಯುವ ಲೋಳೆಯನ್ನು ಚಿಮ್ಮುತ್ತದೆ.

ಆಮ್ಲಜನಕದ ಕೊರತೆ ಕಡಲಿನ ತಳವನ್ನೂ ತಟ್ಟುತ್ತದೆ. ಖಂಡಾವರಣ ಇಳಿಜಾರು ಈ ಸ್ತರವನ್ನು ಹಾದುಹೋಗುವ ಆಳಗಳಲ್ಲಿ ತಳದ ಪ್ರಾಣಿಗಳು ವಿರಳ. ಜಪಾನಿನ ಶಿಂಕಾಯ್ 6500 ಎಂಬ ಮಾನವಸಹಿತ ನೌಕೆ 2008ರಲ್ಲಿ ಭಾರತದ ಪಶ್ಚಿಮ ಅಂಚಿನಲ್ಲಿ ಇಳಿದು ನೋಡಿದಾಗಲೂ, ಸ್ತರ ಮುಗಿದು ಆಮ್ಲಜನಕ ಏರಿದಂತೆ ಜೀವಿಗಳ ಸಂಖ್ಯೆ, ವೈವಿಧ್ಯಗಳು ಹೆಚ್ಚುವುದು ಕಂಡಿತು. ಹಾಗಿದ್ದರೂ ಇಳಿಜಾರು ಆಕ್ಟೋಪಸ್‌ಗಳಿಗೆ ಪೂರ್ತಿ ನಿಷಿದ್ಧವಲ್ಲ. ಭಾರತದ ನೈಋತ್ಯ ಕರಾವಳಿಯಾಚೆಯ ಇಳಿಜಾರಿನಿಂದ ಸಿಕ್ಕ, ಚಪ್ಪಟೆಯಾದ, ತೋಳುಗಳ ತುದಿಯವರೆಗೂ ಪೊರೆ ಹಬ್ಬಿರುವ ಒಪಿಸ್ತೊಟ್ಯೂಥಿಸ್ ಫಿಲಿಪಿಯೈ ಎಂಬ ಹೊಸ ಜಾತಿಯನ್ನು 1976ರಲ್ಲಿ ಭಾರತೀಯ ವಿಜ್ಞಾನಿ ವಿ. ಪಿ. ಊಮ್ಮನ್ ವರ್ಣಿಸಿದರು. ಇದು ಸೇರಿರುವ ಗುಂಪಿನ ಆಕ್ಟೋಪಸ್‌ಗಳಿಗೆ ಮುಂಡದ ಎರಡು ಬದಿಯಲ್ಲಿ ಕಿವಿಯಂಥ ರೆಕ್ಕೆಗಳಿರುತ್ತವೆ, ಮಸಿಯ ಚೀಲವಿರುವುದಿಲ್ಲ. ಡಿಸ್ನಿಯ ಹಾರುವ ಆನೆಮರಿಯ ನೆನಪಿನಲ್ಲಿ ಡಂಬೊ ಎಂದು ಕರೆಯಲಾಗುವ ಗ್ರಿಂಪೊಟ್ಯೂಥಿಸ್ ಇದೇ ಗುಂಪಿನದು, ಮತ್ತು ಆಕ್ಟೋಪಸ್‌ಗಳಲ್ಲಿ ಅತ್ಯಂತ ಆಳದ ದಾಖಲೆ ಇದರ ಹೆಸರಿನಲ್ಲಿದೆ: ಹಿಂದೂ ಮಹಾಸಾಗರದ ಜಾವಾ ಕಂದಕದಲ್ಲಿ 6957 ಮೀಟರ್ ಆಳದಲ್ಲಿ ಇಂಥದೊಂದು ಪ್ರಾಣಿಯನ್ನು ಕ್ಯಾಮೆರಾ ಸೆರೆಹಿಡಿದದ್ದನ್ನು ಅಲನ್ ಜೇಮಿಸನ್ ಮತ್ತು ಮೈಕೆಲ್ ವೆಕ್ಕಿಯೋನೆ 2020ರಲ್ಲಿ ಪ್ರಕಟಿಸಿದರು. ಸ್ಕ್ವಿಡ್‌ಗಳ ದಾಖಲೆ ಫಿಲಿಪೈನ್ ಕಂದಕದ್ದು. 6212 ಮೀಟರ್ ಆಳದಲ್ಲಿ ಕಂಡ, ದೇಹಕ್ಕಿಂತ ಹಲವು ಪಟ್ಟು ಉದ್ದದ ದಾರದಂಥ ತೋಳುಗಳ ಮ್ಯಾಗ್ನಾಪಿನ್ನಾ ಗುಂಪಿನದು.

ಆಳದಲ್ಲಿ ಕಾಲದ ಅಳತೆಯೂ ಬೇರೆ. ಮೇಲಿನ ಬೊಂಡಾಸ್ ಒಂದು ಮಳೆಗಾಲದಿಂದ ಇನ್ನೊಂದರೊಳಗೆ ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಸತ್ತರೆ, ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಳ್ಳದ 1400 ಮೀಟರ್ ಆಳದಲ್ಲಿ ಗ್ರಾನೆಲೆಡೋನೆ ಎಂಬ ಆಕ್ಟೋಪಸ್ ತಾಯಿಯೊಂದು 2007ರಿಂದ 2011ರವರೆಗೆ ಒಟ್ಟು 53 ತಿಂಗಳು ಅದೇ ಬಂಡೆಗೆ ಅಂಟಿಕೊಂಡು ತನ್ನ ಮೊಟ್ಟೆಗಳನ್ನು ಕಾಯಿತು. ವಿಜ್ಞಾನಿಗಳು ಮತ್ತೆ ಮತ್ತೆ ಹೋಗಿ ನೋಡಿದಾಗ ಅದು ಆಹಾರ ತಿಂದದ್ದು ಒಮ್ಮೆಯೂ ಕಾಣಲಿಲ್ಲ. ತಣ್ಣನೆಯ ನೀರಿನಲ್ಲಿ ಭ್ರೂಣದ ಬೆಳವಣಿಗೆ ಅಷ್ಟು ನಿಧಾನ. ಅದೇ ಕರಾವಳಿಯ ಡೇವಿಡ್‌ಸನ್ ಎಂಬ ಸಮುದ್ರಪರ್ವತದ ಬುಡದಲ್ಲಿ, ಸುಮಾರು 3200 ಮೀಟರ್ ಕೆಳಗೆ, 2018ರಲ್ಲಿ ಸಾವಿರಾರು ಆಕ್ಟೋಪಸ್‌ಗಳು ಒಂದೆಡೆ ಮೊಟ್ಟೆ ಕಾಯುತ್ತಿರುವುದು ಪತ್ತೆಯಾದಾಗ, ಅವು ಆರಿಸಿಕೊಂಡದ್ದು ಬಂಡೆಯ ಸಂದುಗಳಿಂದ ಬೆಚ್ಚನೆಯ ನೀರು ಒಸರುವ ಜಾಗವನ್ನೇ ಎಂದು ತಿಳಿಯಿತು. ಆ ಶಾಖದಿಂದ ಮರಿಯಾಗುವ ಅವಧಿ ಎರಡು ವರ್ಷಕ್ಕಿಂತ ಕಡಿಮೆಗೆ ಇಳಿಯುತ್ತದೆ.

ಭಾರತದ ಸಮುದ್ರಗಳ ಆಳದ ಶಿರಪಾದಿಗಳ ಬಗೆಗಿನ ಅರಿವು ಬಲೆಯಲ್ಲಿ ಬಿದ್ದ ಅರೆಜೀವದ ದೇಹಗಳಿಂದ ಆರಂಭವಾಯಿತು. ಬ್ರಿಟಿಷ್ ಭಾರತದ ಸಮುದ್ರ ಸಮೀಕ್ಷೆಯ ಇನ್ವೆಸ್ಟಿಗೇಟರ್ ಹಡಗು 1880ರ ದಶಕದಿಂದ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ ಬಲೆಯೆಳೆದು ತಂದ ಮಾದರಿಗಳು ಕಲ್ಕತ್ತೆಯ ವಸ್ತುಸಂಗ್ರಹಾಲಯ ಸೇರಿದವು. ಹಡಗಿನ ವೈದ್ಯನೂ ನಿಸರ್ಗವಿಜ್ಞಾನಿಯೂ ಆಗಿದ್ದ ಆಲ್ಕಾಕ್ ಆ ಯಾತ್ರೆಗಳ ಕಥನವನ್ನು 1902ರಲ್ಲಿ ಪುಸ್ತಕವಾಗಿ ತಂದನು. ಆ ಸಂಗ್ರಹದ ಶಿರಪಾದಿಗಳನ್ನು 1896ರಲ್ಲಿ ಗುಡ್‌ರಿಚ್, 1916ರಲ್ಲಿ ಆ್ಯನಿ ಮ್ಯಾಸಿ ಪರಿಶೀಲಿಸಿ ವರದಿ ಬರೆದರು. ಮೇಲೆ ಹೇಳಿದ ಅಸಮ ಕಣ್ಣುಗಳ ಕುಲದ ಒಂದು ಜಾತಿ, ಹಿಸ್ಟಿಯೊಟ್ಯೂಥಿಸ್ ಹೊಯ್ಲಿಯೈ, ಗುಡ್‌ರಿಚ್ ಕೊಟ್ಟ ಹೆಸರನ್ನೇ ಇಂದೂ ಹೊತ್ತಿದೆ. ಸ್ವಾತಂತ್ರ್ಯಾನಂತರ ಇಂಡೋ-ನಾರ್ವೇಜಿಯನ್ ಯೋಜನೆಯ ವರುಣ ಹಡಗು ಪಶ್ಚಿಮ ಕರಾವಳಿಯಲ್ಲಿ ಸಂಗ್ರಹಿಸಿದ ಶಿರಪಾದಿಗಳನ್ನು ಇ. ಜಿ. ಸೈಲಸ್ 1968ರಲ್ಲಿ ವಿವರಿಸಿದರು, 1985ರಲ್ಲಿ ಅವರದೇ ಸಂಪಾದಕತ್ವದಲ್ಲಿ ಭಾರತದ ಶಿರಪಾದಿಗಳ ಕುರಿತು ವಿಸ್ತಾರವಾದ ಸಂಪುಟವೊಂದು ಹೊರಬಂತು. ಅನಂತರದ ಆಳಸಮುದ್ರ ಸಮೀಕ್ಷೆಗಳ ದೊಡ್ಡ ಪಾಲು ಸಾಗರ ಸಂಪದ ಹಡಗಿನದು.

ಬಲೆಗಿಂತ ಹಳೆಯ, ಬಲೆಗಿಂತ ಸಮರ್ಥ ಸಂಗ್ರಾಹಕ ಇನ್ನೊಂದಿದೆ, ಅದು ಸ್ಪರ್ಮ್ ತಿಮಿಂಗಿಲ. ಸಾವಿರ ಮೀಟರಿಗೂ ಆಳಕ್ಕೆ ಮುಳುಗಿ ಸ್ಕ್ವಿಡ್‌ಗಳನ್ನು ತಿನ್ನುವ ಈ ಪ್ರಾಣಿಯ ಹೊಟ್ಟೆಯಲ್ಲಿ ಮಾಂಸ ಕರಗಿದರೂ ಕೊಕ್ಕುಗಳು ಕರಗುವುದಿಲ್ಲ. ಆ ಕೊಕ್ಕುಗಳ ಆಕಾರದಿಂದ ಜಾತಿಯನ್ನೂ ಗಾತ್ರವನ್ನೂ ಲೆಕ್ಕ ಹಾಕುವುದು ಈಗ ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಕೊಕ್ಕುಗಳು ಕರುಳನ್ನು ಕೆರಳಿಸಿದಾಗ ಅವುಗಳ ಸುತ್ತ ಮೇಣದಂಥ ವಸ್ತು ಗಡ್ಡೆಕಟ್ಟುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಪೊಲೀಸರು ವಶಪಡಿಸಿಕೊಂಡಾಗಲೆಲ್ಲ ಪತ್ರಿಕೆಗಳು ತಿಮಿಂಗಿಲದ ವಾಂತಿ ಎಂದು ಬರೆಯುವ, ಅತ್ತರಿಗಾಗಿ ಬೆಲೆಬಾಳುವ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರಾಟ ನಿಷಿದ್ಧವಾದ ಅಂಬರ್ ಇದೇ. ಅಸಲಿ ಅಂಬರಿನೊಳಗೆ ಹುದುಗಿರುವ ಕರಿಯ ಚೂರುಗಳು ಯಾರೂ ನೋಡದ ಆಳದ ಸ್ಕ್ವಿಡ್‌ಗಳ ದವಡೆಗಳು. ದಕ್ಷಿಣ ಧ್ರುವದ ಸುತ್ತಲಿನ ಕೊಲೊಸ್ಸಲ್ ಸ್ಕ್ವಿಡ್ ಎಂಬ ಮಹಾಕಾಯ ಜಾತಿ ವಿಜ್ಞಾನಕ್ಕೆ ಪರಿಚಯವಾದದ್ದು 1925ರಲ್ಲಿ, ತಿಮಿಂಗಿಲದ ಹೊಟ್ಟೆಯಲ್ಲಿ ದೊರೆತ ತೋಳುಗಳಿಂದ. ಅದು ತನ್ನ ನೆಲೆಯಲ್ಲಿ ಜೀವಂತ ಈಜುವುದನ್ನು ಚಿತ್ರೀಕರಿಸಲು 2025ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಆಗಲೂ ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 600 ಮೀಟರ್ ಆಳದಲ್ಲಿ ಸಿಕ್ಕಿದ್ದು 30 ಸೆಂಟಿಮೀಟರಿನ ಮರಿ.

2021ರಲ್ಲಿ ಕೇಂದ್ರ ಸರ್ಕಾರ 4077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು, ಅದರಡಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6000 ಮೀಟರಿಗೆ ಇಳಿಸಬಲ್ಲ ಮತ್ಸ್ಯ 6000 ನೌಕೆಯನ್ನು ರೂಪಿಸುತ್ತಿದೆ. ವಿಜ್ಞಾನಿಗಳ ಕಣ್ಣು ಆಳಕ್ಕೆ ತಲುಪುವ ಮೊದಲೇ ಮೀನುಗಾರಿಕೆಯ ಕಣ್ಣು ಅಲ್ಲಿಗೆ ನೆಟ್ಟಿದೆ. ಮಲ್ಪೆ, ಮಂಗಳೂರುಗಳ ಆಳಸಮುದ್ರ ದೋಣಿಗಳು ವಾರಗಟ್ಟಲೆ ಕಡಲಲ್ಲಿದ್ದು ಖಂಡಾವರಣದ ಅಂಚಿನತ್ತ ಸಾಗುವುದು ಈಗ ಸಾಮಾನ್ಯ, ಹಾಸಿನ ಮೇಲಿನ ಸಂಪತ್ತಿನ ಮೇಲೆ ಒತ್ತಡ ಹೆಚ್ಚಿದಷ್ಟೂ ನೇರಳೆ ಬೆನ್ನಿನ ಸ್ಕ್ವಿಡ್‌ನಂಥ ಬಳಕೆಯಾಗದ ಜಾತಿಗಳ ಆಕರ್ಷಣೆ ಹೆಚ್ಚುತ್ತದೆ. ಇತ್ತ ಸಮುದ್ರ ಬಿಸಿಯಾದಂತೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುವುದರಿಂದ ಉಸಿರಿಲ್ಲದ ಸ್ತರ ಇನ್ನಷ್ಟು ದಪ್ಪವಾಗಿ ಮೇಲಕ್ಕೆ ಹತ್ತುವ ಸಾಧ್ಯತೆಯಿದೆ. ಹಾಗಾದರೆ ಇರುಳಿನ ಉಸಿರಿಗಾಗಿ ಈ ಸ್ಕ್ವಿಡ್‌ಗಳಿಗೆ ಸಿಗುವ ಮೇಲಿನ ನೀರು ಕಿರಿದಾಗಿ, ಅವು ಬಲೆಗೂ ಟ್ಯೂನಾಗಳಿಗೂ ಸುಲಭವಾಗಿ ಸಿಗುತ್ತವೆ. ಇವನ್ನು ಹಿಡಿಯುವ ಜಾಗತಿಕ ರೂಢಿಯೆಂದರೆ ಇರುಳಲ್ಲಿ ಪ್ರಖರ ದೀಪಗಳನ್ನು ಬೆಳಗಿಸಿ, ಬೆಳಕಿಗೆ ಮುತ್ತುವ ಸ್ಕ್ವಿಡ್‌ಗಳನ್ನು ಕೊಕ್ಕೆಗಳ ಸಾಲಿನಿಂದ ಎತ್ತುವುದು. ಕೊಕ್ಕೆಯಲ್ಲಿ ಬೇರೆ ಜಾತಿಗಳು ಸಿಕ್ಕಿಬೀಳುವುದು ಬಲೆಗಿಂತ ಕಡಿಮೆ. ಆದರೆ ಕರಾವಳಿಯಲ್ಲಿ ಎಲ್‌ಇಡಿ ದೀಪ ಹಚ್ಚಿ ಬಲೆ ಸುತ್ತಿ ಮರಿಮೀನುಗಳನ್ನೂ ಬಳಿದುಕೊಳ್ಳುವ ಪದ್ಧತಿ ನಾಡದೋಣಿಯವರ ಪ್ರತಿಭಟನೆಗೆ ಕಾರಣವಾಗಿ, 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 200 ನಾಟಿಕಲ್ ಮೈಲಿಗಳವರೆಗಿನ ಭಾರತದ ವಿಶೇಷ ಆರ್ಥಿಕ ವಲಯದಲ್ಲಿ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಲಕ್ಷದ್ವೀಪದ ಏಣಿನ ಇಕ್ಕೆಲಗಳ ನೀರು ಆ ವಲಯದೊಳಗೇ ಬರುತ್ತದೆ. ಆಳದ ಸ್ಕ್ವಿಡ್‌ಗೆ ಕೊಕ್ಕೆ ಹಾಕುವ ದೀಪವನ್ನೂ ತೀರದ ಮರಿಮೀನು ಬಳಿಯುವ ದೀಪವನ್ನೂ ಬೇರೆ ಬೇರೆಯಾಗಿ ಕಾಣುವ ನಿಯಮ ಬೇಕೆಂದು ಆಳದ ಮೀನುಗಾರಿಕೆಯ ಪರವಾಗಿರುವವರು ವಾದಿಸಬಹುದು. ಕಡಲಿನ ಮಧ್ಯೆ, ಇರುಳಿನಲ್ಲಿ, ಯಾವ ದೀಪ ಯಾವುದಕ್ಕೆ ಉರಿಯುತ್ತಿದೆ ಎಂದು ಪರಿಶೀಲಿಸುವವರು ಯಾರು ಎಂಬ ಪ್ರಶ್ನೆಗೆ ಆ ವಾದ ಮೊದಲು ಉತ್ತರ ಕೊಡಬೇಕಾಗುತ್ತದೆ.